38 ರೂಪಾಯಿಯಲ್ಲಿ ಶುರುವಾದ ಬ್ಯಾಂಕ್

ಅಂಗಡಿ ಹಾಕಲು ಸಾಲ ಕೇಳಿದರೆ ಜಾಮೀನು ಯಾರದ್ದು, ಆಸ್ತಿ ಪತ್ರ ಎಲ್ಲಿ ಎಂದು ಬ್ಯಾಂಕಿನವರು ಕೇಳುತ್ತಾರೆ. ನಮ್ಮ ಹುಡುಗರಿಗೆ ಇದು ಗೊತ್ತಿದ್ದದ್ದೇ. ನೂರಿಪ್ಪತ್ತು ವರ್ಷಗಳ ಹಿಂದೆ ಉಡುಪಿಯಲ್ಲಿ ಹಾಗೆ ಕೇಳಲಿಕ್ಕೂ ಬ್ಯಾಂಕ್ ಇರಲಿಲ್ಲ. ಸಣ್ಣ ವ್ಯಾಪಾರಿ ಹಣ ಬೇಕಾದರೆ ಬಡ್ಡಿ ಸಾಹುಕಾರನ ಮೆಟ್ಟಿಲನ್ನೇ ಹತ್ತಬೇಕಿತ್ತು.

ಉಡುಪಿಯ ವ್ಯಾಪಾರಿ, ಕೊಡುಗೈ ದಾನಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರು ಈ ಕಷ್ಟ ಕಂಡವರು. ಕೈಯಲ್ಲಿದ್ದದ್ದನ್ನು ದಾನ ಮಾಡಿ ಸುಮ್ಮನಿರಬಹುದಿತ್ತು. ಆದರೆ ದಾನದ ದುಡ್ಡು ಒಮ್ಮೆ ಹೋದರೆ ಹೋಯಿತು, ಸಾಲದ ದುಡ್ಡು ಮರಳಿ ಬಂದು ಇನ್ನೊಬ್ಬನ ಅಂಗಡಿಗೂ ಆಗುತ್ತದೆ. ಊರವರ ಚಿಲ್ಲರೆ ಉಳಿತಾಯವನ್ನು ಒಂದೆಡೆ ಸೇರಿಸಿ ಊರಿನ ವ್ಯವಹಾರಕ್ಕೇ ಕೊಡುವ ದಾರಿಯನ್ನು ಅವರು ಹಿಡಿದರು.

ಸ್ವದೇಶಿ ಚಳವಳಿಯ ಆ ಕಾಲದಲ್ಲಿ, 1906ರ ಮಾರ್ಚ್ 12ರಂದು, ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ (ಉಡುಪಿ) ಶುರುವಾಯಿತು. ಬಂಡವಾಳ 5,000 ರೂಪಾಯಿ. ಮೊದಲ ದಿನ ಲೆಕ್ಕ ಮುಗಿಸುವಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ! ನಗುವವರು ನಕ್ಕಿರಲೂಬಹುದು. ಆದರೆ ಜಾತಿ, ಮತ ನೋಡದೆ ಎಲ್ಲರನ್ನೂ ಸೇರಿಸಿಕೊಂಡದ್ದರಿಂದ ಜನರ ನಂಬಿಕೆ ಬೆಳೆಯಿತು. ಬ್ಯಾಂಕಿಗೆ ಅಸಲಿ ಬಂಡವಾಳ ಅದೇ ಅಲ್ಲವೇ? ಅವಸರವೂ ಇರಲಿಲ್ಲ: ಕುಂದಾಪುರದಲ್ಲಿ ಮೊದಲ ಶಾಖೆ ತೆರೆದದ್ದು 1923ರಲ್ಲಿ.

ಸಾಹೇಬರು 1935ರಲ್ಲಿ ತೀರಿಕೊಂಡರು. ಬ್ಯಾಂಕ್ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು, 1980ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಉಡುಪಿಯಲ್ಲಿ ಅವರ ಹಳೇ ಮನೆಯನ್ನು ನಾಣ್ಯ ಸಂಗ್ರಹಾಲಯ ಮಾಡಿದ್ದಾರೆ.