ಬೆರಳ ತುದಿಯಷ್ಟು ಅಕ್ಷರ: ಲೂಯಿ ಬ್ರೈಲ್

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟ್‌ಗೆ ಒಂದು ಆಪ್ ಮಾಡಿದ್ವಿ. ಬಸ್ ಟೈಮ್‌ಟೇಬಲ್ ತೋರಿಸುವ ಆಪ್, ಪೂರ್ತಿ ಕನ್ನಡದಲ್ಲಿ. ಬಿಳಿ ಹಿನ್ನೆಲೆ, ಅದರ ಮೇಲೆ ತೆಳು ಬೂದು ಬಣ್ಣದ ಸಣ್ಣ ಅಕ್ಷರ. ನೋಡೋಕೆ ಸಖತ್ತಾಗಿದೆ ಅಂತ ನಮ್ಮ ಬೆನ್ನು ನಾವೇ ತಟ್ಟಿಕೊಂಡಿದ್ವಿ. ಡೆಮೊ ದಿನ ಮೊದಲ ವರ್ಷದ ಒಬ್ಬ ಹುಡುಗ ಬಂದ. ಅವನಿಗೆ ಚಿಕ್ಕಂದಿನಿಂದ ದೃಷ್ಟಿ ಮಂದ. ಮಾನಿಟರ್‌ಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ. ಊರ ಹೆಸರುಗಳಲ್ಲಿ ದ ಯಾವುದು, ಧ ಯಾವುದು ಅಂತ ಗೊತ್ತಾಗ್ತಿಲ್ಲ ಅಂದು ಸುಮ್ಮನೆ ಹೊರಟುಬಿಟ್ಟ.

ಬೇಜಾರಾಯ್ತು. ಆ ರಾತ್ರಿಯೇ ಕೂತು ಅಕ್ಷರಗಳನ್ನು ಮೂರು ಪಟ್ಟು ದೊಡ್ಡದು ಮಾಡಿ ಅವನನ್ನ ಮತ್ತೆ ಕರೆದ್ವಿ. ಈ ಸಲ ಒಂದು ಊರಿನ ಹೆಸರೇ ಪರದೆಯಲ್ಲಿ ಹಿಡಿಸಲಿಲ್ಲ. ಹೆಸರು ಓದೋಕೆ ಎಡಕ್ಕೆ ಬಲಕ್ಕೆ ಎಳೀಬೇಕು, ಎಳೆದು ಸಮಯ ನೋಡುವಷ್ಟರಲ್ಲಿ ಊರು ಮರೆತುಹೋಗುತ್ತೆ. ಮೊದಲಿಗಿಂತ ಇದೇ ಕಷ್ಟ ಅಂದ. ಸತ್ಯ ಹೇಳ್ಬೇಕಂದ್ರೆ ನಮಗೆ ಸ್ವಲ್ಪ ಸಿಟ್ಟೇ ಬಂತು. ಇಷ್ಟೆಲ್ಲ ಮಾಡಿದ್ರೂ ಹೀಗಂತಾನಲ್ಲ ಅಂತ.

ಅದೇ ವಾರ ಸಂಘದ ಈ ಸಂಚಿಕೆಗೆ ಯಾರದಾದರೂ ಜೀವನ ಬರೆಯೋ ಕೆಲಸ ನಮ್ಮ ಪಾಲಿಗೆ ಬಂತು. ಕಣ್ಣಿನ ವಿಷಯ ತಲೆಯಲ್ಲೇ ಇತ್ತು, ಹಾಗಾಗಿ ಬ್ರೈಲ್ ಬಗ್ಗೆ ಓದೋಕೆ ಶುರು ಮಾಡಿದ್ವಿ. ಓದ್ತಾ ಹೋದ ಹಾಗೆ ನಮ್ಮ ಎರಡೂ ತಪ್ಪು ಅಲ್ಲೇ ಇದ್ದವು, ಅದೂ ಇನ್ನೂರು ವರ್ಷ ಹಿಂದೆ, ಅದೇ ಕ್ರಮದಲ್ಲಿ.

ಲೂಯಿ ಹುಟ್ಟಿದ್ದು 1809ರ ಜನವರಿ 4ರಂದು, ಫ್ರಾನ್ಸಿನ ಕೂವ್ರೆ ಅನ್ನೋ ಹಳ್ಳಿಯಲ್ಲಿ. ಪ್ಯಾರಿಸ್‌ನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್. (ಈಗ ಅದರ ಪಕ್ಕದಲ್ಲೇ ಡಿಸ್ನಿಲ್ಯಾಂಡ್ ಇದೆ!) ಅಪ್ಪ ಸೀಮೋನ್ ಕುದುರೆಗೆ ಜೀನು, ಲಗಾಮು ಹೊಲಿಯುವ ಕೆಲಸದವರು. ನಾಲ್ಕು ಮಕ್ಕಳಲ್ಲಿ ಇವನೇ ಕೊನೆಯವನು. ಮೂರು ವರ್ಷ ಇದ್ದಾಗ ಅಪ್ಪನ ಕೆಲಸದ ಕೋಣೆಯಲ್ಲಿ ಆಡ್ತಾ, ಚರ್ಮಕ್ಕೆ ತೂತು ಹಾಕುವ ದಬ್ಬಳದಂಥ ಸಲಕರಣೆ ಹಿಡಿದು ಒಂದು ಕಣ್ಣಿಗೆ ಚುಚ್ಚಿಕೊಂಡ. ಗಾಯ ಕೀವಾಯಿತು, ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿತು. ಐದು ವರ್ಷ ಆಗುವಷ್ಟರಲ್ಲಿ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಮುಂದೆ ಅವನು ಚುಕ್ಕೆ ಬರೆದದ್ದೂ ಅಂಥದ್ದೇ ಚೂಪು ಕಡ್ಡಿಯಿಂದ ಅಂತ ಎಲ್ಲ ಪುಸ್ತಕಗಳಲ್ಲೂ ಬರೆದಿರ್ತಾರೆ. ನಮಗ್ಯಾಕೋ ಅದು ಸಿನಿಮಾ ಥರ ಅನ್ಸುತ್ತೆ. ಮಗುವಿಗೆ ಆದದ್ದು ಗಾಯ, ಅಷ್ಟೆ.

ಅಪ್ಪ ಅಮ್ಮ ಅವನನ್ನ ಮೂಲೆಯಲ್ಲಿ ಕೂರಿಸಲಿಲ್ಲ. ಊರಿನ ಪಾದ್ರಿ ಪಾಠ ಹೇಳಿದರು, ಊರ ಶಾಲೆಗೇ ಕಣ್ಣಿದ್ದ ಮಕ್ಕಳ ಜೊತೆ ಹೋದ. ಕೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ತಿದ್ದ. 1819ರ ಫೆಬ್ರವರಿಯಲ್ಲಿ, ಹತ್ತು ವರ್ಷಕ್ಕೆ, ಪ್ಯಾರಿಸ್‌ನ ಅಂಧ ಮಕ್ಕಳ ಸಂಸ್ಥೆಗೆ ಸೇರಿಸಿದರು. ಹಳೆಯ, ತಂಡಿ ಹಿಡಿದ ಕಟ್ಟಡ. ಹಾಸ್ಟೆಲ್ ಬಗ್ಗೆ ದೂರುವ ನಾವು ಅದರ ವರ್ಣನೆ ಓದಿದ ಮೇಲೆ ಸ್ವಲ್ಪ ದಿನ ಬಾಯಿ ಮುಚ್ಚಿಕೊಂಡಿದ್ವಿ.

ಆ ಶಾಲೆ ಕಟ್ಟಿದವರು ವ್ಯಾಲೆಂಟಿನ್ ಹಾವಿ. ಕಣ್ಣು ಕಾಣದ ಮಕ್ಕಳಿಗೂ ಓದು ಬರುತ್ತೆ ಅಂತ ನಂಬಿದ್ದ ದೊಡ್ಡ ಮನುಷ್ಯ. ಒದ್ದೆ ಮಾಡಿದ ದಪ್ಪ ಕಾಗದವನ್ನು ಅಚ್ಚಿನ ಮೊಳೆಗಳ ಮೇಲೆ ಒತ್ತಿ, ಮಾಮೂಲಿ ರೋಮನ್ ಅಕ್ಷರಗಳನ್ನೇ ಉಬ್ಬಿಸಿ ಪುಸ್ತಕ ಮಾಡಿಸಿದ್ದರು. ಮಕ್ಕಳು ಒಂದೊಂದು ಅಕ್ಷರದ ಗೆರೆಯನ್ನೂ ಬೆರಳಿಂದ ಸವರಿ ಸವರಿ ಗುರುತು ಹಿಡೀಬೇಕು. ಬೆರಳಿಗೆ ಹತ್ತಲಿ ಅಂತ ಅಕ್ಷರ ದೊಡ್ಡದು, ಅದಕ್ಕೇ ಪುಸ್ತಕವೂ ಭಾರ, ಪುಟಕ್ಕೆ ನಾಲ್ಕೇ ಮಾತು. ವಾಕ್ಯ ಮುಗಿಯುವಷ್ಟರಲ್ಲಿ ಅದರ ತಲೆ ಮರೆತಿರುತ್ತೆ. ಹೊರಗಿನಿಂದ ಬಂದವರಿಗೆ ಮಾತ್ರ ತುಂಬಾ ಸಂತೋಷ, ಯಾಕಂದ್ರೆ ಮಗು ಓದ್ತಿರೋದನ್ನ ಅವರೂ ಕಣ್ಣಿಂದ ಓದಬಹುದಿತ್ತು. ಇನ್ನೊಂದು ದೊಡ್ಡ ಕೊರತೆ, ಆ ಅಕ್ಷರಗಳನ್ನ ಮಕ್ಕಳು ತಾವೇ ಬರೆದು, ಬರೆದದ್ದನ್ನು ತಿರುಗಿ ಓದೋ ಹಾಗಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರೀಡ್ ಓನ್ಲಿ, ಅದೂ ಬಹಳ ನಿಧಾನದ್ದು.

1821ರಲ್ಲಿ ಚಾರ್ಲ್ಸ್ ಬಾರ್ಬಿಯೆ ಅನ್ನೋ ಮಾಜಿ ಫಿರಂಗಿದಳದ ಅಧಿಕಾರಿಯ ಚುಕ್ಕೆ ಬರಹ ಶಾಲೆಗೆ ಬಂತು. ಗೆರೆ ಬಿಟ್ಟು ಚುಕ್ಕೆ ಉಪಯೋಗಿಸಿದ ಯೋಚನೆ ಪೂರ್ತಿ ಬಾರ್ಬಿಯೆ ಅವರದ್ದು, ಇದನ್ನ ಬ್ರೈಲ್ ಮುಂದೆ ತನ್ನ ಪುಸ್ತಕದಲ್ಲೇ ಒಪ್ಪಿಕೊಂಡಿದ್ದಾರೆ. ಅದು ಕೆಲಸ ಮಾಡ್ತಿದ್ದದ್ದು ಹೀಗೆ: ಫ್ರೆಂಚ್ ಭಾಷೆಯ 36 ಧ್ವನಿಗಳನ್ನು ಆರು ಅಡ್ಡಸಾಲು, ಆರು ಕಂಬಸಾಲಿನ ಕೋಷ್ಟಕದಲ್ಲಿ ಇಟ್ಟಿದ್ದರು. ಬರೆಯುವಾಗ ಪಕ್ಕಪಕ್ಕ ಎರಡು ಕಂಬ ಚುಕ್ಕೆಗಳು. ಎಡಗಡೆ ಎಷ್ಟು ಚುಕ್ಕೆ ಇದೆಯೋ ಅದು ಅಡ್ಡಸಾಲಿನ ನಂಬರು, ಬಲಗಡೆಯದು ಕಂಬಸಾಲಿನ ನಂಬರು. ಎರಡು ಇಂಡೆಕ್ಸ್ ಇರುವ ಅರೇ, ಸಿ ಪ್ರೋಗ್ರಾಮಿಂಗ್ ಓದಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೋಡೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ನಾವಾಗಿದ್ರೂ ಅದನ್ನೇ ಮಾಡ್ತಿದ್ವೇನೋ.

ಹನ್ನೆರಡು ವರ್ಷದ ಲೂಯಿಗೆ ಅದರ ತೊಂದರೆ ಬೆರಳಲ್ಲೇ ಗೊತ್ತಾಯ್ತು. ಒಂದು ಕಂಬಕ್ಕೆ ಆರು ಚುಕ್ಕೆವರೆಗೆ ಎತ್ತರ. ಬೆರಳ ತುದಿ ಅಷ್ಟನ್ನ ಒಂದೇ ಸಲ ಮುಚ್ಚೋದಿಲ್ಲ. ಬೆರಳನ್ನ ಮೇಲೆ ಕೆಳಗೆ ಆಡಿಸಿ ಎಣಿಸಬೇಕು, ಎಣಿಸ್ತಾ ಪಕ್ಕಕ್ಕೂ ಹೋಗ್ಬೇಕು. ನಮ್ಮ ಮೂರು ಪಟ್ಟು ದೊಡ್ಡ ಅಕ್ಷರದ ಆಪ್ ಇದೇ ಅಲ್ವಾ! ಜೊತೆಗೆ ಅದರಲ್ಲಿ ಧ್ವನಿ ಇತ್ತು, ಸ್ಪೆಲ್ಲಿಂಗ್ ಇರಲಿಲ್ಲ. ಅಲ್ಪವಿರಾಮ, ಪೂರ್ಣವಿರಾಮ ಇಲ್ಲ. ಸಂಗೀತದ ಸ್ವರ ಬರೆಯೋ ದಾರಿ ಇಲ್ಲ.

ಮುಂದಿನ ಮೂರು ವರ್ಷ ಹುಡುಗ ಅದರ ಹಿಂದೆ ಬಿದ್ದ. ಪಾಠ ಮುಗಿದ ಮೇಲೆ, ರಜೆಗೆ ಊರಿಗೆ ಹೋದಾಗ, ಕಾಗದಕ್ಕೆ ಚುಚ್ಚಿ ಚುಚ್ಚಿ ಪರೀಕ್ಷೆ ಮಾಡ್ತಿದ್ದ. 1824ರ ಹೊತ್ತಿಗೆ, ಹದಿನೈದನೇ ವಯಸ್ಸಿಗೆ, ಆರು ಚುಕ್ಕೆಗೆ ಬಂದು ನಿಂತ. ಎರಡು ಕಂಬ, ಒಂದೊಂದರಲ್ಲಿ ಮೂರು. ಮನುಷ್ಯನ ಬೆರಳ ತುದಿ ಸುಮಾರು 2 ಮಿಲಿಮೀಟರ್ ಅಂತರದ ಚುಕ್ಕೆಗಳನ್ನು ಬೇರೆ ಬೇರೆ ಅಂತ ಗುರುತಿಸುತ್ತೆ. ಈಗಿನ ಬ್ರೈಲ್‌ನಲ್ಲಿ ಚುಕ್ಕೆಯಿಂದ ಚುಕ್ಕೆಗೆ ಸುಮಾರು 2.5 ಮಿಲಿಮೀಟರ್. ಹಾಗಾಗಿ ಇಡೀ ಅಕ್ಷರ ಒಂದೇ ಸ್ಪರ್ಶಕ್ಕೆ ಸಿಗುತ್ತೆ, ಎಣಿಸೋ ಮಾತೇ ಇಲ್ಲ. ಆರು ಚುಕ್ಕೆ ಅಂದರೆ ಎರಡರ ಘಾತ ಆರು, 64. ಖಾಲಿ ಬಿಟ್ಟರೆ 63 ಆಕಾರ. ಅಕ್ಷರ, ಅಂಕಿ, ವಿರಾಮಚಿಹ್ನೆ, ಸಂಗೀತ ಎಲ್ಲ ಅಷ್ಟರಲ್ಲೇ.

ಜೋಡಿಸಿದ ರೀತಿ ನಮಗೆ ಇನ್ನೂ ಇಷ್ಟವಾಯ್ತು. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕೆಗಳಷ್ಟೇ. ಮುಂದಿನ ಹತ್ತಕ್ಕೆ ಅದೇ ಆಕಾರಗಳು, ಕೆಳಗೆ ಎಡಕ್ಕೆ ಒಂದು ಚುಕ್ಕೆ ಜಾಸ್ತಿ. ಅದರ ಮುಂದಿನ ಗುಂಪಿಗೆ ಕೆಳಗಿನ ಎರಡೂ ಚುಕ್ಕೆ. ಒಂದು ಸಾಲು ಕಲಿತರೆ ಉಳಿದವು ತಾವೇ ಬರ್ತವೆ, ನಮ್ಮ ಕಾಗುಣಿತದ ಹಾಗೆ. ಡಬ್ಲ್ಯೂ ಮಾತ್ರ ಈ ಸಾಲಿಗೆ ಸೇರಲ್ಲ, ಯಾಕಂದ್ರೆ ಆಗಿನ ಫ್ರೆಂಚ್ ವರ್ಣಮಾಲೆಯಲ್ಲಿ ಅದು ಇರಲೇ ಇಲ್ಲ.

1829ರಲ್ಲಿ ಇದರ ಪುಸ್ತಕ ಬಂತು. ತಮಾಷೆ ಅಂದ್ರೆ ಆ ಪುಸ್ತಕ ಅಚ್ಚಾದದ್ದು ಹಾವಿಯವರ ಉಬ್ಬು ಅಕ್ಷರದಲ್ಲೇ. ಅದರಲ್ಲಿ ಚುಕ್ಕೆ ಜೊತೆ ಸಣ್ಣ ಗೆರೆಗಳೂ ಇದ್ದವು, 1837ರ ಎರಡನೇ ಆವೃತ್ತಿಯಲ್ಲಿ ಗೆರೆ ಕೈಬಿಟ್ಟರು. 1833ರಲ್ಲಿ ಅದೇ ಶಾಲೆಯಲ್ಲಿ ಮೇಷ್ಟರಾದರು. (ಮೇಷ್ಟರಾದ ಮೇಲೆ ಏಕವಚನ ಚೆನ್ನಾಗಿರಲ್ಲ, ಹಾಗಾಗಿ ಇಲ್ಲಿಂದ ಬಹುವಚನ.) ಚರ್ಚುಗಳಲ್ಲಿ ಆರ್ಗನ್ ನುಡಿಸ್ತಿದ್ದರು. 26ರ ಹೊತ್ತಿಗೆ ಕ್ಷಯದ ಲಕ್ಷಣ ಕಾಣಿಸಿಕೊಂಡಿತು, ಆಗ ಅದಕ್ಕೆ ಔಷಧಿ ಇರಲಿಲ್ಲ.

ಈಗ ಹೇಳೋ ಭಾಗ ನಮಗೆ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ. ಆರು ಚುಕ್ಕೆಯಲ್ಲಿ ಕುರುಡು ಹುಡುಗ ಮನೆಗೆ ಕಾಗದ ಬರೆದರೆ ಅಮ್ಮನಿಗೆ ಓದೋಕೆ ಬರಲ್ಲ. ಅದಕ್ಕೆ ಬ್ರೈಲ್ 1839ರಲ್ಲಿ ಇನ್ನೊಂದು ಪದ್ಧತಿ ಪ್ರಕಟಿಸಿದರು. ಎತ್ತರಕ್ಕೆ ಹತ್ತು ಚುಕ್ಕೆ ಇರುವ ಚೌಕಟ್ಟಿನಲ್ಲಿ ರೋಮನ್ ಅಕ್ಷರದ ಆಕಾರವನ್ನೇ ಚುಕ್ಕೆಗಳಲ್ಲಿ ಕಟ್ಟೋದು. ಯಾವ ಅಕ್ಷರಕ್ಕೆ ಎಷ್ಟನೇ ಚುಕ್ಕೆ ಚುಚ್ಚಬೇಕು ಅನ್ನೋದಕ್ಕೆ ನಂಬರುಗಳ ಕೋಷ್ಟಕ. ಕಣ್ಣು ಕಾಣದವರು ಕೋಷ್ಟಕ ಬಾಯಿಪಾಠ ಮಾಡಿ ಚುಚ್ಚಿದರೆ, ಕಣ್ಣಿದ್ದವರು ಮಾಮೂಲಿ ಅಕ್ಷರದ ಹಾಗೆ ಓದಬಹುದು. ಒಂದೊಂದೇ ಚುಚ್ಚೋದು ನಿಧಾನ ಅಂತ ಅದೇ ಶಾಲೆಯಲ್ಲಿ ಓದಿದ್ದ, ಕಣ್ಣು ಕಾಣದ ಪಿಯರ್ ಫೂಕೋ ಹತ್ತು ಒತ್ತುಗುಂಡಿಯ ಯಂತ್ರವನ್ನೇ ಮಾಡಿದರು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬರೋದಕ್ಕೆ ನೂರು ವರ್ಷಕ್ಕೂ ಮೊದಲು! ಹಳೆಯ ಕಂಪ್ಯೂಟರ್ ಪರದೆಗಳಲ್ಲಿ ಒಂದಕ್ಷರಕ್ಕೆ 8×8 ಚುಕ್ಕೆಯ ಚೌಕ ಇರ್ತಿತ್ತಲ್ಲ, ಇದೂ ಅದೇ ಲೆಕ್ಕ. ಆ ಚೌಕದಲ್ಲಿ ನಮ್ಮ ಕನ್ನಡ ಹಿಡಿಸಲ್ಲ ಬಿಡಿ. ಒತ್ತಕ್ಷರ ಕೆಳಗೆ ನೇತಾಡುತ್ತೆ, ಅದಕ್ಕೇ ಇನ್ನೊಂದು ಮಹಡಿ ಬೇಕು.

ಬ್ರೈಲ್ ಅವರಿಗೆ ಓದುವವರು ಯಾರು ಅನ್ನೋದು ಪ್ರತಿ ಸಲವೂ ಮೊದಲ ಪ್ರಶ್ನೆ ಆಗಿತ್ತು ಅಂತ ನಮಗೆ ಅನ್ನಿಸಿದ್ದು ಇಲ್ಲಿ. ಬೆರಳಿಗೆ ಆರು, ಅಮ್ಮನ ಕಣ್ಣಿಗೆ ಹತ್ತು.

ಶಾಲೆಗೆ ಮಾತ್ರ ಹಾಗನ್ನಿಸಲಿಲ್ಲ. ಮಕ್ಕಳಿಗೆ ಚುಕ್ಕೆ ಬರೆಯೋಕೆ ಬಿಟ್ಟಿದ್ದ ಪಿನ್ಯೇ ಅವರು 1840ರಲ್ಲಿ ಮುಖ್ಯಸ್ಥರ ಸ್ಥಾನ ಬಿಡಬೇಕಾಯ್ತು. ಅವರ ಜಾಗಕ್ಕೆ ಬಂದ ದುಫೋ ಚುಕ್ಕೆಗಳನ್ನು ಪಾಠದಿಂದ ಹೊರಗಿಟ್ಟು ಮತ್ತೆ ಉಬ್ಬು ಗೆರೆಯ ಅಕ್ಷರ ತಂದರು. ಅಂಧರಿಗೆ ಬೇರೆ ಲಿಪಿ ಕೊಟ್ಟರೆ ಅವರಿಗೂ ಉಳಿದವರಿಗೂ ನಡುವೆ ಗೋಡೆ ಏಳುತ್ತೆ ಅನ್ನೋದು ಆ ಕಾಲದ ದೊಡ್ಡ ವಾದ. ಈ ವಾದ ಪೂರ್ತಿ ಮೂರ್ಖತನ ಅಂತ ನಾವು ಹೇಳಲ್ಲ. ಆದ್ರೆ ಆ ಗೋಡೆ ಬೀಳಿಸೋ ಪ್ರಯತ್ನ ಹತ್ತು ಚುಕ್ಕೆಯ ಅಕ್ಷರದಲ್ಲಿ ಆಗಲೇ ನಡೆದಿತ್ತು, ನಡೆಸಿದವರೂ ಅವರ ಶಾಲೆಯ ಮೇಷ್ಟ್ರೇ. ಮಕ್ಕಳು ಕದ್ದುಮುಚ್ಚಿ ಚುಕ್ಕೆಯಲ್ಲೇ ಬರ್ಕೊಳ್ತಿದ್ದರು. ಕೊನೆಗೆ ದುಫೋ ಅವರ ಸಹಾಯಕರಾಗಿದ್ದ ಗ್ವಾಡೆ ಚುಕ್ಕೆಗಳ ಪರ ನಿಂತರು. 1844ರ ಫೆಬ್ರವರಿಯಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಲ್ಲಿ, ಎಲ್ಲರ ಎದುರಿಗೆ, ಆ ಲಿಪಿಯ ವಿವರ ಓದಿ ಹೇಳಿ ಮಕ್ಕಳಿಂದ ಬರೆಸಿ ಓದಿಸಿ ತೋರಿಸಲಾಯಿತು. ನಿಷೇಧ ಅಲ್ಲಿಗೆ ಮುಗೀತು.

ಬ್ರೈಲ್ 1852ರ ಜನವರಿ 6ರಂದು ತೀರಿಕೊಂಡರು. 43 ತುಂಬಿ ಎರಡೇ ದಿನ. ಶಾಲೆ ಅವರ ಲಿಪಿಯನ್ನ ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ, ಅದರಲ್ಲಿ ಕನ್ನಡದ ಕ ಅಂದ್ರೆ ಬ್ರೈಲ್ ಅವರ ಕೆ ಅಕ್ಷರದ ಅದೇ ಎರಡು ಚುಕ್ಕೆ. 1952ರಲ್ಲಿ ಅವರ ಅವಶೇಷಗಳನ್ನು ಪ್ಯಾರಿಸ್‌ನ ಪ್ಯಾಂಥಿಯನ್‌ಗೆ ಒಯ್ದರು, ಕೈಗಳನ್ನು ಮಾತ್ರ ಕೂವ್ರೆಯಲ್ಲೇ ಉಳಿಸಿಕೊಂಡರು. ಕಂಪ್ಯೂಟರ್‌ಗೆ ಆರು ಚುಕ್ಕೆ ಸಾಲದೆ ಎಂಟಾಯಿತು. ಯೂನಿಕೋಡ್‌ನಲ್ಲಿ ಅದರ 256 ಆಕಾರಗಳೂ ಇವೆ. ಪರದೆಯ ಮೇಲಿನ ಸಾಲನ್ನು ಸಣ್ಣ ಸಣ್ಣ ಪಿನ್ನುಗಳು ಎದ್ದು ಇಳಿದು ಬೆರಳಿಗೆ ಓದಿಸುವ ಸಾಧನಗಳಿವೆ, ಬೆಲೆ ಮಾತ್ರ ನಮ್ಮಂಥವರ ಕೈಗೆ ಎಟುಕೋದಲ್ಲ.

ನಮ್ಮ ಜೂನಿಯರ್ ಬ್ರೈಲ್ ಓದುವವನಲ್ಲ. ಅವನಿಗೆ ಕಣ್ಣು ಸ್ವಲ್ಪ ಕಾಣುತ್ತೆ, ಅವನ ಓದು ಪರದೆಯಲ್ಲೇ. ಆದ್ರೂ ಇಷ್ಟೆಲ್ಲ ಓದಿದ ಮೇಲೆ ನಾವು ಮಾಡದೇ ಬಿಟ್ಟ ಕೆಲಸ ಯಾವುದು ಅಂತ ಗೊತ್ತಾಯ್ತು. ನಮ್ಮ ಬೂದು ಬಣ್ಣದ ಕಾಂಟ್ರಾಸ್ಟ್ ಅಳೆದು ನೋಡಿದ್ವಿ. ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಮಾಮೂಲಿ ಅಕ್ಷರಕ್ಕೆ ಕೇಳೋದು ಕನಿಷ್ಠ 4.5ಕ್ಕೆ 1, ನಮ್ಮದು ಇದ್ದದ್ದು 2.3. ಅಂಕ ಯಾವಾಗಲೋ ಬಂದಾಗಿತ್ತು, ಆದ್ರೂ ಲ್ಯಾಪ್‌ಟಾಪ್ ಅವನ ಮುಂದೆ ಇಟ್ಟು ಸೆಟ್ಟಿಂಗ್ಸ್ ಅವನ ಕೈಗೇ ಕೊಟ್ಟು ನಾವು ಹಿಂದೆ ನಿಂತ್ವಿ. ಕಪ್ಪು ಹಿನ್ನೆಲೆ, ಹಳದಿ ಅಕ್ಷರ, ದಪ್ಪ ಗೆರೆ, ಒಂದು ಸಾಲಿಗೆ ಒಂದೇ ಊರು. ನಮ್ಮಲ್ಲಿ ಒಬ್ಬನಿಗೆ ಅದನ್ನ ನೋಡಿ ಕಣ್ಣು ಉರೀತು, ಅವನಿಗೆ ಹಳೇ ಬಿಳಿಯೇ ಇರಲಿ ಅಂತ ಎರಡೂ ಇಟ್ಟಿದ್ದೀವಿ. ಜೂನಿಯರ್ ಆರಿಸಿದ ಸೈಜು ನಾವು ರಾತ್ರಿ ಕೂತು ಮಾಡಿದ್ದಕ್ಕಿಂತ ಎಷ್ಟೋ ಚಿಕ್ಕದು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗೋದು ಮಾತ್ರ ಇನ್ನೂ ಸರಿಯಾಗಿಲ್ಲ, ಇಂಟರ್ನಲ್ಸ್ ಮುಗಿದ ಮೇಲೆ ಮತ್ತೆ ಅವನ ಜೊತೆ ಕೂರ್ತೀವಿ.