ತೀನಂಶ್ರೀ ನನ್ನ ಟ್ಯೂಷನ್ನಿಗೆ ಬಂದರು

ಬೆಳ್ಳಂದೂರಿನ ನಮ್ಮ ಬೀದಿಯ ಮೂವರು ಹತ್ತನೇ ತರಗತಿ ಮಕ್ಕಳಿಗೆ ಸಂಜೆ ಟ್ಯೂಷನ್ ಹೇಳುತ್ತೇನೆ. ಬಿ.ಇ. ಓದುವ ನನಗೆ ಗಣಿತ, ವಿಜ್ಞಾನ ಸಲೀಸು. ಕನ್ನಡ ಪದ್ಯ ಬಂದರೆ ಮಾತ್ರ ಗೈಡಿನ ಸಾರಾಂಶ ಬರೆಸಿ ಮುಗಿಸುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ಕಲಿತದ್ದೂ ಹಾಗೆಯೇ. ಒಮ್ಮೆ ನನಗನಿಸಿದ್ದನ್ನು ಬರೆದು ಅಂಕ ಕಳೆದುಕೊಂಡ ಮೇಲೆ, ಅನಿಸಿದ್ದನ್ನು ಬರೆಯುವುದನ್ನೇ ಬಿಟ್ಟಿದ್ದೆ.

ಮೊನ್ನೆ ಹುಡುಗಿಯೊಬ್ಬಳು, ಅಣ್ಣಾ, ಈ ಪದ್ಯ ಯಾಕೆ ಚೆನ್ನಾಗಿದೆ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕವರು ತೀ.ನಂ. ಶ್ರೀಕಂಠಯ್ಯ.

ತುಮಕೂರು ಜಿಲ್ಲೆಯ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ಅವರು ಬಿ.ಎಂ.ಶ್ರೀ. ಅವರ ಶಿಷ್ಯರು. ಮೊದಲು ಪಾಠ ಹೇಳಿದ್ದು ಇಂಗ್ಲಿಷ್, ಆಮೇಲೆ ಕನ್ನಡ. ‘ಒಲುಮೆ’ಯ ಪ್ರೇಮಗೀತೆಗಳನ್ನು ಬರೆದ ಕೈಯೇ ವಿದ್ಯಾರ್ಥಿಗಳಿಗಾಗಿ ‘ಕನ್ನಡ ಮಧ್ಯಮ ವ್ಯಾಕರಣ’ವನ್ನೂ ಬರೆಯಿತು. 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ ಬಂತು. ಭರತ, ಆನಂದವರ್ಧನ, ಅಭಿನವಗುಪ್ತರ ವಿಚಾರಗಳನ್ನು ಸಂಸ್ಕೃತ ಬಾರದ ನನ್ನಂಥವನೂ ಕನ್ನಡದಲ್ಲಿ ಓದುವಂತಾದದ್ದು ಈ ಪುಸ್ತಕದಿಂದ. ಅರವತ್ತು ತುಂಬುವ ಮೊದಲೇ, 1966ರಲ್ಲಿ ಅವರು ತೀರಿಕೊಂಡರು.

ಈ ಶಾಸ್ತ್ರದಲ್ಲಿ ಒಂದು ಹಳೆಯ ಉದಾಹರಣೆಯಿದೆ: ಗಂಗೆಯಲ್ಲಿ ಹಳ್ಳಿ. ನೀರಿನೊಳಗೆ ಹಳ್ಳಿ ಇರಲಾರದು, ಆದ್ದರಿಂದ ದಡದಲ್ಲಿದೆ ಎಂದು ತಿಳಿಯುತ್ತೇವೆ. ಅದರ ಜೊತೆಗೆ ತಂಪು, ಪಾವಿತ್ರ್ಯ ಹೇಳದೆಯೇ ಮನಸ್ಸಿಗೆ ಬರುತ್ತವೆ. ಹೀಗೆ ಹೇಳದೆ ಹೊಳೆಯುವ ಅರ್ಥವೇ ಧ್ವನಿ.

ಮಕ್ಕಳಿಗೆ ಇದನ್ನು ನಮ್ಮೂರಿಗೆ ಹೊಂದಿಸಿ ಹೇಳಿದೆ. ಬೆಳ್ಳಂದೂರು ಕೆರೆಯಲ್ಲಿ ಮನೆ ಎಂದರೆ ಏನು ಹೊಳೆಯುತ್ತದೆ? ನೊರೆ, ವಾಸನೆ, ಸೊಳ್ಳೆ ಎಂದು ಮೂವರೂ ಕೂಗಿ ನಕ್ಕರು. ತಂಪು ಯಾಕಿಲ್ಲ ಎಂದು ಕೇಳಿದೆ. ಕೆರೆಗೆ ಬೆಂಕಿ ಬಿದ್ದದ್ದನ್ನು ನಾವು ನೋಡಿದ್ದೇವಲ್ಲ ಅಣ್ಣಾ ಎಂದಳು ಆ ಹುಡುಗಿ. ಗೈಡಿನಲ್ಲಿಲ್ಲದ ಉತ್ತರ, ಆದರೆ ಕಾರಣಸಹಿತ ಉತ್ತರ.

ಆಗ ನನ್ನ ತಪ್ಪೂ ತಿಳಿಯಿತು. ಅಂದು ನನ್ನ ಉತ್ತರದಲ್ಲಿ ಅನಿಸಿಕೆ ಇತ್ತು, ಪದ್ಯದ ಯಾವ ಪದದಿಂದ ಹಾಗನಿಸಿತು ಎಂಬುದು ಇರಲಿಲ್ಲ. ವಿಮರ್ಶೆ ಎಂದರೆ ಆ ಪದವನ್ನು ಬೆರಳಿಟ್ಟು ತೋರಿಸುವುದು.

ಪರೀಕ್ಷೆ ಹತ್ತಿರವಿದೆ, ಸಾರಾಂಶ ಬಿಡುವಂತಿಲ್ಲ. ಆದರೆ ಈಗ ಪ್ರತಿ ಪದ್ಯದ ಕೊನೆಗೆ ಮೂವರೂ ಸ್ವಂತದ ಎರಡು ಸಾಲು ಬರೆಯುತ್ತಾರೆ: ಏನನಿಸಿತು, ಯಾವ ಪದದಿಂದ. ಪ್ಲೇಸ್‌ಮೆಂಟ್ ತಯಾರಿಯ ನಡುವೆ ನಾನೂ ಅವರ ಜೊತೆ ಕೂತು ಬರೆಯುತ್ತೇನೆ.