ವಿಲ್ಫ್ರಿಡ್ ಲೋರಿಯೆಯ ಚರಿತ್ರೆ

ಕೆನಡಾ ದೇಶದ ಪೂರ್ವಭಾಗದಲ್ಲಿ ಸೇಂಟ್ ಲಾರೆನ್ಸ್ ಎಂಬ ದೊಡ್ಡ ಹೊಳೆಯು ಹರಿಯುತ್ತದೆ. ಯುರೋಪಿನಿಂದ ಬಂದು ಅದರ ದಡಗಳಲ್ಲಿ ಮೊದಲು ನೆಲೆಗೊಂಡವರು ಫ್ರೆಂಚರು. 1760ರಲ್ಲಿ ಅಲ್ಲಿನ ಮೊಂಟ್ರಿಯಲ್ ಪಟ್ಟಣವು ಇಂಗ್ಲಿಷರ ವಶವಾಯಿತು. ಅಂದಿನಿಂದ ಗೆದ್ದವರೂ ಸೋತವರೂ ಒಂದೇ ದೊರೆತನದ ಕೆಳಗೆ ನೆರೆಹೊರೆಯವರಾಗಿ ಬಾಳಬೇಕಾಯಿತು. ಸೋತವರ ಮಾತು ಫ್ರೆಂಚು, ಮತವು ರೋಮನ್ ಕಥೋಲಿಕ. ಗೆದ್ದವರ ಮಾತು ಇಂಗ್ಲಿಷು, ಅವರಲ್ಲಿ ಹೆಚ್ಚಿನವರು ಪ್ರೊಟೆಸ್ಟಂಟರು. 1774ರ ಶಾಸನದಿಂದ ಆಸ್ತಿಪಾಸ್ತಿಯ ವಿಷಯದಲ್ಲಿ ಫ್ರೆಂಚರ ಹಳೆಯ ಕಾನೂನೇ ಉಳಿಯಿತು. ಕಳವು, ಕೊಲೆ ಮುಂತಾದ ಅಪರಾಧಗಳಿಗೆ ಇಂಗ್ಲಿಷರ ಕಾನೂನು ನಡೆಯಿತು. ಎರಡು ಭಾಷೆ, ಎರಡು ಮತ, ಎರಡು ವಿಧದ ಕಾನೂನು! ಇಂಥ ನಾಡಿನಲ್ಲಿ ರಾಜ್ಯಭಾರ ನಡಿಸುವವನು ಎರಡು ಕಡೆಯವರ ಮನಸ್ಸನ್ನೂ ಬಲ್ಲವನಾಗಿರಬೇಕಷ್ಟೆ. ಅಂಥವನೊಬ್ಬನು ಚಿಕ್ಕಂದಿನಲ್ಲಿ ಹೇಗೆ ಸಿದ್ಧನಾದನೆಂಬದನ್ನು ನಮ್ಮ ವಾಚಕರಿಗೆ ತಿಳಿಸಬೇಕೆಂದು ಈ ಚರಿತ್ರೆಯನ್ನು ಬರೆಯುತ್ತೇವೆ.

ವಿಲ್ಫ್ರಿಡ್ ಲೋರಿಯೆಯು 1841ನೆಯ ನವೆಂಬರ 20ರಂದು ಮೊಂಟ್ರಿಯಲಿನ ಉತ್ತರಕ್ಕಿರುವ ಸೇಂಟ್ ಲಿನ್ ಎಂಬ ಫ್ರೆಂಚ್ ಹಳ್ಳಿಯಲ್ಲಿ ಹುಟ್ಟಿದನು. ತಂದೆಯಾದ ಕಾರೋಲಸನು ಬೇಸಾಯಗಾರನು. ಹೊಲಗದ್ದೆಗಳನ್ನು ಅಳೆಯುವ ಮೋಜಣಿಯ ಕೆಲಸವನ್ನೂ ಮಾಡುತ್ತಿದ್ದನು. ಹುಡುಗನಿಗೆ ಇನ್ನೂ ಏಳು ವರ್ಷ ತುಂಬುವ ಮೊದಲೇ, 1848ರಲ್ಲಿ, ತಾಯಿಯು ತೀರಿಕೊಂಡಳು. ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸನ್ನು ತಂದೆಯು ಮದುವೆಯಾದನು. ಈ ಮಲತಾಯಿಯು ಹುಡುಗನನ್ನು ಪ್ರೀತಿಯಿಂದಲೇ ಸಾಕಿದಳು.

1852ರಲ್ಲಿ ತಂದೆಯು, ಆ ಊರಿನ ಒಕ್ಕಲುಗಳಲ್ಲಿ ಯಾರೂ ಮಾಡದಿದ್ದ ಒಂದು ಕೆಲಸವನ್ನು ಮಾಡಿದನು. ಕೆಲವು ಮೈಲು ದೂರದಲ್ಲಿ ನ್ಯೂ ಗ್ಲಾಸ್ಗೋ ಎಂಬ ಹಳ್ಳಿಯಿತ್ತು. ಅಲ್ಲಿದ್ದವರು ಸ್ಕಾಟ್ಲಂಡಿನಿಂದ ಬಂದವರು. ಮಗನು ಇಂಗ್ಲಿಷ್ ಭಾಷೆಯನ್ನೂ ಇಂಗ್ಲಿಷ್ ಮಾತಾಡುವ ಜನರ ನಡೆನುಡಿಯನ್ನೂ ಕಲಿಯಲಿ ಎಂದು ತಂದೆಯು ಅವನನ್ನು ಆ ಊರಿನ ಶಾಲೆಗೆ ಕಳುಹಿಸಿದನು. ಮೊದಲು ಒಂದು ಐರಿಷ್ ಕಥೋಲಿಕ ಕುಟುಂಬದಲ್ಲಿ ಇದ್ದು, ಬಳಿಕ ಮರೇ ಎಂಬ ಪ್ರೆಸ್ಬಿಟೇರಿಯನ್ ಕುಟುಂಬದ ಮನೆಯಲ್ಲಿ ಅವನು ಉಳಿದುಕೊಂಡನು. ಮರೇಯವರಿಗೆ ಅಂಗಡಿಯಿತ್ತು. ಶಾಲೆ ಬಿಟ್ಟ ಮೇಲೆ ಹುಡುಗನು ಅಲ್ಲಿ ನಿಂತು ಗಿರಾಕಿಗಳಿಗೆ ಸಾಮಾನು ಕೊಡುತ್ತಾ ಅವರ ಮಾತನ್ನು ಕಲಿಯುತ್ತಾ ಇದ್ದನು. ಸಾಯಂಕಾಲ ಮನೆಯವರು ಕುಟುಂಬ ಪ್ರಾರ್ಥನೆಗೆ ಕೂಡುತ್ತಿದ್ದರು. ಅವನು ಬೇರೆ ಸಭೆಯ ಹುಡುಗನಾದದರಿಂದ, ಇಷ್ಟವಿಲ್ಲದಿದ್ದರೆ ಎದ್ದು ಹೋಗಬಹುದೆಂದು ಅವನಿಗೆ ತಿಳಿಸಿದರು. ಅವನೋ ಎದ್ದು ಹೋಗದೆ ಅವರೊಂದಿಗೇ ಕೂತುಕೊಂಡನು. ಅವರು ಅವನನ್ನು ತಮ್ಮ ಸಭೆಗೆ ಎಳೆಯಲಿಲ್ಲ, ಅವನೂ ತನ್ನ ಸಭೆಯನ್ನು ಬಿಡಲಿಲ್ಲ. ಸಾಯುವ ತನಕ ಕಥೋಲಿಕನಾಗಿಯೇ ಇದ್ದನು. ಆದರೂ ಆ ಎರಡು ವರ್ಷಗಳನ್ನು ಅವನು ಎಂದೂ ಮರೆಯಲಿಲ್ಲ. ಮುಂದೆ ಇಂಗ್ಲಿಷರು ಬೆರಗಾಗುವಂತೆ ಅವರ ಭಾಷೆಯಲ್ಲಿ ಭಾಷಣ ಮಾಡಿದನಲ್ಲಾ, ಅದರ ಬೇರು ಆ ಅಂಗಡಿಯಲ್ಲಿತ್ತು.

1854ರಿಂದ ಏಳು ವರ್ಷ ಲಾಸೊಂಪ್ಸಿಯೋಂ ಎಂಬ ಊರಿನಲ್ಲಿ ಪಾದ್ರಿಗಳು ನಡಿಸುತ್ತಿದ್ದ ವಿದ್ಯಾಲಯದಲ್ಲಿ ಲ್ಯಾಟಿನ್ ಮುಂತಾದವುಗಳನ್ನು ಕಲಿತನು. ಅಲ್ಲಿಯ ಶಿಸ್ತು ಬಲು ಬಿಗಿ. ಆದರೆ ಊರಿನಲ್ಲಿ ನ್ಯಾಯಸ್ಥಾನ ಕೂಡಿದಾಗ ಅಥವಾ ಚುನಾವಣೆಯ ಭಾಷಣಗಳು ನಡೆದಾಗ ಹುಡುಗನಿಗೆ ಒಳಗೆ ಕೂತಿರಲಾಗುತ್ತಿರಲಿಲ್ಲ. ಕದ್ದು ಹೋಗಿ ವಕೀಲರ ವಾದವನ್ನು ಕೇಳಿ ಬಂದು ಶಿಕ್ಷೆಯನ್ನು ಅನುಭವಿಸುತ್ತಿದ್ದನು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಒಮ್ಮೆ ಒಂದು ವಿಷಯವನ್ನು ಎತ್ತಿದರು. ಹ್ಯೂಗೆನೋಟರೆಂದರೆ ಫ್ರಾನ್ಸಿನ ಪ್ರೊಟೆಸ್ಟಂಟರು. 1627ರ ಸನ್ನದಿನಿಂದ ಅವರು ಕೆನಡಾದಲ್ಲಿ ನೆಲಸುವದಕ್ಕೆ ಅಡ್ಡಿಯಾಗಿತ್ತು. ಅವರಿಗೆ ಫ್ರಾನ್ಸಿನ ಅರಸರು ಅಪ್ಪಣೆ ಕೊಟ್ಟಿದ್ದರೆ ನಾಡಿಗೆ ಒಳ್ಳೆಯದಾಗುತ್ತಿತ್ತೋ ಇಲ್ಲವೋ ಎಂಬದೇ ವಾದ. ಕೊಡಬೇಕಿತ್ತೆಂದು ಲೋರಿಯೆಯು ಬಲವಾಗಿ ವಾದಿಸಿದನು. ಪಾದ್ರಿಗಳು ಅದನ್ನು ಸಹಿಸಲಾರದೆ ಕೂಟವನ್ನೇ ನಿಲ್ಲಿಸಿಬಿಟ್ಟರು. ಹದಿಹರೆಯದ ಹುಡುಗನು ತನ್ನ ಗುರುಗಳ ಮುಂದೆ, ತನ್ನದಲ್ಲದ ಸಭೆಯವರಿಗಾಗಿ ವಾದಿಸಿದ್ದು ಸಣ್ಣ ಧೈರ್ಯವಲ್ಲವೆಂದು ನಮಗೆ ತೋರುತ್ತದೆ.

1861ರಲ್ಲಿ ಮೊಂಟ್ರಿಯಲಿಗೆ ಹೋಗಿ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಯತೊಡಗಿದನು. ಜೊತೆಗೆ ಲಾಫ್ಲಾಂ ಎಂಬ ಲಿಬರಲ್ ಪಕ್ಷದ ವಕೀಲನ ಕಚೇರಿಯಲ್ಲಿ ಕೆಲಸ ಮಾಡಿ ವಕೀಲಿಯನ್ನು ಕಲಿತನು. 1864ರಲ್ಲಿ ಪದವಿ ಪಡೆದಾಗ, ಆ ಇಂಗ್ಲಿಷ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ಈ ಫ್ರೆಂಚ್ ತರುಣನನ್ನೇ ಆರಿಸಿದರು. ಅವನು ಫ್ರೆಂಚಿನಲ್ಲಿಯೇ ಮಾತಾಡಿ, ಎರಡು ಜನಾಂಗಗಳು ಒಂದಾಗಿ ಬಾಳಬೇಕೆಂಬ ಅರ್ಥದಲ್ಲಿ ಹೇಳಿದನು. ಅದೇ ವರ್ಷ ಸನ್ನದು ಪಡೆದ ವಕೀಲನಾದನು.

ಆದರೆ ವಕೀಲಿಯು ಕೂಡಲೇ ಹತ್ತಲಿಲ್ಲ. ಅವನು ಕೆಮ್ಮಿ ರಕ್ತ ಕಾರುತ್ತಿದ್ದನು, ಕ್ಷಯವೆಂದೇ ನಂಬಿದ್ದನು. 1866ರಲ್ಲಿ ಪಟ್ಟಣವನ್ನು ಬಿಟ್ಟು, ಆಗತಾನೇ ಕಾಡು ಕಡಿದು ಊರು ಮಾಡುತ್ತಿದ್ದ ಹಳ್ಳಿಗಾಡಿಗೆ ಹೋಗಿ ಒಂದು ಚಿಕ್ಕ ಪತ್ರಿಕೆಯ ಸಂಪಾದಕನಾದನು. ಆಗ ಕೆನಡಾದ ಪ್ರಾಂತಗಳನ್ನು ಕೂಡಿಸಿ ಒಂದು ಒಕ್ಕೂಟ ಮಾಡುವ ಯೋಜನೆ ನಡೆಯುತ್ತಿತ್ತು. ಅದರಲ್ಲಿ ಫ್ರೆಂಚರು ಕರಗಿ ಹೋಗುವರೆಂದು ಹೆದರಿ ಲೋರಿಯೆಯ ಪತ್ರಿಕೆಯು ಅದನ್ನು ಎದುರಿಸಿತು. ಪಾದ್ರಿಗಳು ಪತ್ರಿಕೆಗೆ ವಿರೋಧವಾಗಿದ್ದರು, ಹಣವೂ ಇರಲಿಲ್ಲ. 1867ರಲ್ಲಿ ಅದು ನಿಂತುಹೋಯಿತು. ಅದೇ ವರ್ಷ ಜುಲೈ 1ರಂದು ಒಕ್ಕೂಟವೂ ಆಯಿತು. ಆದ ಮೇಲೆ ಅವನು ಹಟ ಹಿಡಿಯದೆ ಅದನ್ನು ಒಪ್ಪಿಕೊಂಡನು; ಕೊನೆಗೆ ಅದರ ಪ್ರಧಾನಮಂತ್ರಿಯೂ ಆದನು.

ಅವನು ಆರ್ಥಬಾಸ್ಕವಿಲ್ ಎಂಬ ಊರಿನಲ್ಲಿ ವಕೀಲಿಗೆ ನಿಂತನು. ಮೊಂಟ್ರಿಯಲಿನಲ್ಲಿ ತಾನಿದ್ದ ಬಿಡಾರದಲ್ಲಿಯೇ ವಾಸವಾಗಿದ್ದ ಜೋಯೆ ಎಂಬ ಪಿಯಾನೋ ಕಲಿಸುವ ಕನ್ಯೆಯನ್ನು ಅವನು ಪ್ರೀತಿಸಿದ್ದನು. ಸಾಯುವ ರೋಗಿಯು ಮದುವೆಯಾಗಬಾರದೆಂದು ಸುಮ್ಮನಿದ್ದನು. ಅವಳಿಗೆ ಬೇರೆ ವರನು ಗೊತ್ತಾದಾಗ, 1868ರ ಮೇ ತಿಂಗಳಲ್ಲಿ, ಆ ಬಿಡಾರದ ಯಜಮಾನನಾದ ವೈದ್ಯನು ಲೋರಿಯೆಗೆ ತಂತಿ ಹೊಡೆದು ಕರಿಸಿದನು. ಎದೆಯನ್ನು ಪರೀಕ್ಷಿಸಿ, ಇದು ಕ್ಷಯವಲ್ಲ, ಶ್ವಾಸನಾಳದ ರೋಗವೆಂದು ತಿಳಿಸಿದನು. 13ನೆಯ ತಾರೀಕಿನಂದು, ಬಂದ ದಿನವೇ ಮದುವೆಯಾಯಿತು. ಸಾವಿನ ಭಯದಲ್ಲಿ ಬಾಳುತ್ತಿದ್ದವನು ಇನ್ನೂ ಐವತ್ತು ವರ್ಷ ಬದುಕಿದನು.

1871ರಲ್ಲಿ, 29 ವರ್ಷದ ಪ್ರಾಯದಲ್ಲಿ, ಕ್ವಿಬೆಕ್ ಪ್ರಾಂತದ ಶಾಸನಸಭೆಗೆ ಆರಿಸಲ್ಪಟ್ಟನು. 1874ರಲ್ಲಿ ಅದನ್ನು ಬಿಟ್ಟು ಒಟ್ಟಾವದ ಪಾರ್ಲಿಮೆಂಟಿಗೆ ಹೋದನು. ಅವನು ಸೇರಿದ ಲಿಬರಲ್ ಪಕ್ಷದ ಬಣ್ಣ ಕೆಂಪು, ಎದುರು ಪಕ್ಷದ್ದು ನೀಲಿ. ಪರಲೋಕವು ನೀಲಿ, ನರಕವು ಕೆಂಪು ಎಂದು ಉಪದೇಶಪೀಠದಿಂದಲೇ ಹೇಳಿದ ಪಾದ್ರಿಗಳು ಆ ಪ್ರಾಂತದಲ್ಲಿ ಇದ್ದರು. 1877ರಲ್ಲಿ ಕೆನಡಾದ ಮೇಲು ನ್ಯಾಯಸ್ಥಾನವು, ಪಾದ್ರಿಗಳು ಮತದಾರರನ್ನು ಹೆದರಿಸಿದರೆಂಬ ಕಾರಣದಿಂದ ಶಾರ್ಲೆವ್ವಾ ಎಂಬಲ್ಲಿಯ ಚುನಾವಣೆಯನ್ನು ರದ್ದು ಮಾಡಿತು. ಅದೇ ವರ್ಷ ಜೂನ್ 26ರಂದು ಲೋರಿಯೆಯು ಕ್ವಿಬೆಕ್ ಪಟ್ಟಣದಲ್ಲಿ ದೊಡ್ಡ ಭಾಷಣ ಮಾಡಿದನು. ಸಭೆಯನ್ನು ಹಳಿಯುವ ಫ್ರಾನ್ಸ್ ದೇಶದ ಲಿಬರಲರಂಥವರು ತಾವಲ್ಲ, ತಮ್ಮ ಮಾದರಿ ಇಂಗ್ಲೆಂಡಿನವರದು. ಪಾದ್ರಿಗೂ ಉಳಿದ ಪ್ರಜೆಗಳಂತೆ ರಾಜ್ಯದ ವಿಷಯ ಮಾತಾಡುವ ಹಕ್ಕುಂಟು, ಆದರೆ ಮತದಾರನ ಮನಸ್ಸನ್ನು ಬೆದರಿಸಿ ಕಟ್ಟಿಹಾಕುವ ಹಕ್ಕಿಲ್ಲ ಎಂಬದೇ ಅದರ ಸಾರಾಂಶ. ಸ್ವಂತ ಸಭೆಯನ್ನು ಬಿಡದೆ, ಅದಕ್ಕೆ ಹೆದರದೆ ಮಾತಾಡಿದ ಈ 35 ವರ್ಷದವನ ಹೆಸರು ದೇಶದಲ್ಲೆಲ್ಲಾ ಹಬ್ಬಿತು.

ಶರತ್ಕಾಲದಲ್ಲಿ ಅವನನ್ನು ಮಂತ್ರಿಯನ್ನಾಗಿ ಮಾಡಿದರು. ಮಂತ್ರಿಯಾದವನು ಪುನಃ ಚುನಾವಣೆಗೆ ನಿಲ್ಲಬೇಕೆಂಬದು ಆಗಿನ ಕಟ್ಟಳೆ. ಸ್ವಂತ ಊರಿನವರೇ ಅವನನ್ನು ಸೋಲಿಸಿದರು! ಕೆಲವೇ ವಾರಗಳಲ್ಲಿ ಪೂರ್ವ ಕ್ವಿಬೆಕ್ ಕ್ಷೇತ್ರದವರು ಅವನನ್ನು ಆರಿಸಿದರು. ಅವರು ಅವನನ್ನು ಕೊನೆಯ ತನಕವೂ ಬಿಡಲಿಲ್ಲ.

ಅಷ್ಟರಲ್ಲಿ ತಪ್ಪು ಒಂದೇ ಸಭೆಯವರದ್ದೆಂದು ನಮ್ಮ ವಾಚಕರು ಎಣಿಸಬಾರದು. 1890ರಲ್ಲಿ ಮನಿಟೋಬ ಪ್ರಾಂತದಲ್ಲಿ ಪ್ರೊಟೆಸ್ಟಂಟರು ಹೆಚ್ಚಾಗಿದ್ದ ಶಾಸನಸಭೆಯು ಕಥೋಲಿಕರ ಶಾಲೆಗಳಿಗೆ ಸಲ್ಲುತ್ತಿದ್ದ ಸರಕಾರಿ ಹಣವನ್ನು ನಿಲ್ಲಿಸಿಬಿಟ್ಟಿತು. ಒಟ್ಟಾವದವರು ಬಲಾತ್ಕಾರದಿಂದ ಆ ಪ್ರಾಂತವನ್ನು ಬಗ್ಗಿಸಬೇಕೆಂದು ಬಿಷಪರು ಕೇಳಿದರು. 1887ರಿಂದ ಪಕ್ಷದ ನಾಯಕನಾಗಿದ್ದ ಲೋರಿಯೆಯು 1895ರಲ್ಲಿ, ದಾರಿಗನ ಮೇಲಂಗಿಯನ್ನು ತೆಗಿಸಲು ಗಾಳಿಯೂ ಸೂರ್ಯನೂ ಪಂಥ ಕಟ್ಟಿದ ಈಸೋಪನ ಕಥೆಯನ್ನು ನೆನಪಿಸಿ, ತಾನಾದರೆ ಸೂರ್ಯನ ಬಿಸಿಲಿನ ಉಪಾಯವನ್ನು ಮಾಡುವೆನೆಂದು ಜನರಿಗೆ ತಿಳಿಸಿದನು. 1896ರ ಜೂನಿನಲ್ಲಿ ಗೆದ್ದು ಪ್ರಧಾನಮಂತ್ರಿಯಾದನು; ಫ್ರೆಂಚರಲ್ಲಿ ಆ ಪದವಿಗೇರಿದ ಮೊದಲನೆಯವನು ಅವನೇ. ಅದೇ ವರ್ಷ ಒಪ್ಪಂದವಾಯಿತು: ಶಾಲೆ ಮುಗಿಯುವ ಮುಂಚಿನ ಅರ್ಧ ಗಂಟೆ ಮತೋಪದೇಶ ಮಾಡಬಹುದು, ಫ್ರೆಂಚ್ ಮಾತಾಡುವ ಹತ್ತು ಮಕ್ಕಳಿದ್ದರೆ ಎರಡು ಭಾಷೆಗಳಲ್ಲಿಯೂ ಕಲಿಸಬೇಕು. ಎರಡು ಕಡೆಯವರೂ ಪೂರ್ಣ ತೃಪ್ತರಾಗಲಿಲ್ಲ.

ಅವನು ಹದಿನೈದು ವರ್ಷ ಬಿಡದೆ ಆಳಿದನು. ಆ ಕಾಲದಲ್ಲಿ, ಎಂದರೆ 1905ರಲ್ಲಿ, ಆಲ್ಬರ್ಟ, ಸಸ್ಕಾಚೆವಾನ್ ಎಂಬ ಎರಡು ಹೊಸ ಪ್ರಾಂತಗಳಾದವು. ಆದರೆ ನಾವು ಮುಚ್ಚಿಡಲಾಗದ ಇನ್ನೊಂದು ಸಂಗತಿಯುಂಟು. ಕೆನಡಾಕ್ಕೆ ಬರುವ ಚೀನರ ಮೇಲೆ 1885ರಿಂದ ತಲೆಗೆ 50 ಡಾಲರು ತೆರಿಗೆಯಿತ್ತು. ಲೋರಿಯೆಯ ಸರಕಾರವು 1900ರ ಶಾಸನದಿಂದ ಅದನ್ನು 100ಕ್ಕೂ 1903ರ ಶಾಸನದಿಂದ 500ಕ್ಕೂ ಏರಿಸಿತು. ಸ್ವದೇಶದಿಂದ ನಡುವೆ ತಡೆಯದೆ ನೇರವಾಗಿ ಬಂದವರನ್ನು ಮಾತ್ರ ಇಳಿಸಬೇಕೆಂದು 1908ರಲ್ಲಿ ಆಜ್ಞೆ ಮಾಡಿತು. ಹಿಂದೂಸ್ಥಾನದಿಂದ ಹಾಗೆ ಬರುವ ಹಡಗೇ ಇರಲಿಲ್ಲ. ಆದದರಿಂದ ಹಿಂದೂದೇಶದ ಹೆಸರೆತ್ತದೆಯೇ ನಮ್ಮವರಿಗೆ ಬಾಗಲು ಮುಚ್ಚಿದಂತಾಯಿತು. 1914ರಲ್ಲಿ, ಬೇರೆ ಪಕ್ಷವು ಆಳುತ್ತಿದ್ದಾಗ, ಕೊಮಗಾಟ ಮಾರು ಎಂಬ ಹಡಗಿನಲ್ಲಿ ಬಂದ 376 ಮಂದಿ ಪಂಜಾಬಿಗಳು ವಾಂಕೂವರ್ ಬಂದರದಲ್ಲಿ ಎರಡು ತಿಂಗಳು ಕಾದು, ಹೆಚ್ಚಿನವರು ಹಿಂದಿರುಗಬೇಕಾಯಿತು. ನೇರ ಪ್ರಯಾಣದ ಈ ಕಟ್ಟಳೆಯು 1947ರ ತನಕ ಉಳಿಯಿತು. ಫ್ರೆಂಚರನ್ನೂ ಇಂಗ್ಲಿಷರನ್ನೂ ಒಂದೇ ಚಾವಡಿಯಲ್ಲಿ ಕೂರಿಸಬೇಕೆಂದು ಅಷ್ಟು ಕಷ್ಟಪಟ್ಟವನು, ಶಾಂತ ಸಾಗರದ ಆಚೆಯಿಂದ ಬಂದವರಿಗೆ ಹೊಸ್ತಿಲಲ್ಲಿಯೂ ಸ್ಥಳ ಕೊಡಲಿಲ್ಲ. ಪಶ್ಚಿಮ ತೀರದ ಮತದಾರರಿಗೆ ಅಂಜಿ ಹೀಗೆ ಮಾಡಿದನೆಂದು ಹೇಳಿದರೂ ನಮಗೆ ಸಮಾಧಾನವಿಲ್ಲ.

1911ರಲ್ಲಿ, ಅಮೇರಿಕದೊಂದಿಗೆ ಮಾಡಿಕೊಂಡ ವ್ಯಾಪಾರದ ಒಪ್ಪಂದದ ವಿಷಯದಲ್ಲಿ ಸೋತು ಅಧಿಕಾರ ಬಿಟ್ಟನು. 1917ರಲ್ಲಿ, ಯುದ್ಧಕ್ಕೆ ಜನರನ್ನು ಕಡ್ಡಾಯವಾಗಿ ಸೇರಿಸುವದನ್ನು ಅವನು ಒಪ್ಪದ್ದರಿಂದ ಅವನ ಇಂಗ್ಲಿಷ್ ಗೆಳೆಯರಲ್ಲಿ ಬಹು ಮಂದಿ ಅವನನ್ನು ಬಿಟ್ಟುಹೋದರು. ಮುದುಕನಿಗೆ ಇದು ದೊಡ್ಡ ಪೆಟ್ಟು. 1919ನೆಯ ಫೆಬ್ರವರಿ 17ರಂದು ಒಟ್ಟಾವದಲ್ಲಿ ತೀರಿಕೊಂಡನು. ಮಕ್ಕಳಿರಲಿಲ್ಲ. 1921ರಲ್ಲಿ ಜೋಯೆಯೂ ಸತ್ತಳು. ಅವಳ ಮರಣಶಾಸನದಂತೆ ಅವರ ಮನೆಯು, 1917ರಲ್ಲಿಯೂ ಲೋರಿಯೆಯನ್ನು ಬಿಡದೆ ನಿಂತಿದ್ದ ಮೆಕೆಂಜಿ ಕಿಂಗ್ ಎಂಬಾತನಿಗೆ ಸೇರಿತು. ಈತನು ಪ್ರೆಸ್ಬಿಟೇರಿಯನ್ ಸಭೆಯವನು.